ನಡುರಾತ್ರಿಯ ನಾಗಪುರ, ನೆಲದ ಮೇಲಿನ ಜನ

ನಾಗಪುರದ ಸೋನೆಗಾಂವ್ ವಿಮಾನ ನಿಲ್ದಾಣದಲ್ಲಿ ಒಂದು ಕಾಲಕ್ಕೆ ಅತಿ ಹೆಚ್ಚು ಗದ್ದಲವಿರುತ್ತಿದ್ದದ್ದು ಊರು ಮಲಗಿದ ಮೇಲೆ. ದೆಹಲಿಯಿಂದ ಒಂದು, ಬೊಂಬಾಯಿಯಿಂದ ಒಂದು, ಕಲ್ಕತ್ತೆಯಿಂದ ಒಂದು, ಮದ್ರಾಸಿನಿಂದ ಒಂದು, ಹೀಗೆ ನಾಲ್ಕು ವಿಮಾನಗಳು ಕತ್ತಲಲ್ಲಿ ಒಂದರ ಹಿಂದೊಂದು ಬಂದು ಇಳಿಯುತ್ತಿದ್ದವು. ಹೊಟ್ಟೆ ತುಂಬ ಅಂಚೆ ಚೀಲ, ಜೊತೆಗೆ ಒಂದಿಷ್ಟು ನಿದ್ದೆಗಣ್ಣಿನ ಪ್ರಯಾಣಿಕರು. ದೆಹಲಿಯ ವಿಮಾನ ತಂದ ಚೀಲಗಳು ಉಳಿದ ಮೂರಕ್ಕೆ ಹಂಚಿಹೋಗುತ್ತಿದ್ದವು, ಆ ಮೂರು ತಂದದ್ದರಲ್ಲಿ ದೆಹಲಿಯ ಪಾಲು ಇದಕ್ಕೆ ಬರುತ್ತಿತ್ತು. ಚೀಲ ಬದಲಾದ ಮೇಲೆ ನಾಲ್ಕೂ ತಂತಮ್ಮ ಊರಿಗೆ ಹಿಂತಿರುಗಿ ಬೆಳಗಾಗುವ ಹೊತ್ತಿಗೆ ಮನೆ ಸೇರುತ್ತಿದ್ದವು. ಸಂಜೆ ಮದ್ರಾಸಿನಲ್ಲಿ ಡಬ್ಬಿಗೆ ಹಾಕಿದ ಕಾಗದ ಮಾರನೆಯ ಬೆಳಿಗ್ಗೆ ದೆಹಲಿಯಲ್ಲಿ. 1949ರ ಜನವರಿಯಲ್ಲಿ ಶುರುವಾದ ಈ ಏರ್ಪಾಡು, ಮೊದಲ ವರ್ಷದ ಒಂದು ಬಿಡುವನ್ನು ಬಿಟ್ಟರೆ, 1973ರ ಅಕ್ಟೋಬರ್‌ವರೆಗೂ ನಡೆಯಿತು.

ರಾತ್ರಿ ಅಂಚೆಯ ಕಥೆ ಹೇಳುವವರು ಸಾಮಾನ್ಯವಾಗಿ ಆಕಾಶದ ಕಡೆ ನೋಡಿಕೊಂಡೇ ಹೇಳುತ್ತಾರೆ. ಪೈಲಟ್‌ಗಳ ಧೈರ್ಯ, ಡಕೋಟಾದ ಗಟ್ಟಿತನ, ಮಳೆಗಾಲದ ಮೋಡ. ಆದರೆ ನಾಗಪುರದಲ್ಲಿ ನಡೆಯುತ್ತಿದ್ದ ಅಸಲಿ ಕೆಲಸ ನೆಲದ್ದು. ವಿಮಾನ ಇಳಿದ ಕ್ಷಣದಿಂದ ಮತ್ತೆ ಏರುವವರೆಗೆ ಅದಕ್ಕೆ ಬೇಕಾದದ್ದನ್ನೆಲ್ಲ ಒದಗಿಸುವ ಕಸುಬಿಗೆ ಈಗ ಗ್ರೌಂಡ್ ಹ್ಯಾಂಡ್ಲಿಂಗ್ ಎನ್ನುತ್ತಾರೆ. ಚಕ್ರಕ್ಕೆ ಅಡೆಗಟ್ಟೆ ಕೊಡುವುದು, ಇಂಧನ ತುಂಬಿಸುವುದು, ಸಾಮಾನು ಇಳಿಸಿ ಹತ್ತಿಸುವುದು, ತೂಕದ ಲೆಕ್ಕ ಬರೆಯುವುದು, ಪೈಲಟ್‌ಗೆ ಹವಾಮಾನದ ಚೀಟಿ ಮತ್ತು ಒಂದು ಲೋಟ ಚಹಾ ಮುಟ್ಟಿಸುವುದು, ಎಲ್ಲವೂ ಅದರೊಳಗೆ ಬರುತ್ತದೆ. ಈಗ ನಾಗಪುರದಲ್ಲಿ ಒಂದು ಚಾರ್ಟರ್ ವಿಮಾನವನ್ನೋ ಏರ್ ಆಂಬುಲೆನ್ಸನ್ನೋ ಇಳಿಸಿಕೊಂಡು ಕಳಿಸುವವರ ಕಸುಬಿನ ಮೂಲಪಾಠಗಳೆಲ್ಲ ಆ ನಡುರಾತ್ರಿಗಳಲ್ಲೇ ಇವೆ. ಕೆಲವನ್ನು ತುಂಬ ದುಬಾರಿ ಬೆಲೆ ಕೊಟ್ಟು ಕಲಿಯಬೇಕಾಯಿತು.

ನಾಗಪುರವೇ ಯಾಕೆ ಎನ್ನುವುದಕ್ಕೆ ಭೂಪಟ ನೋಡಿದರೆ ಸಾಕು. ನೇರ ಗೆರೆ ಎಳೆದರೆ ಅಲ್ಲಿಂದ ಮುಂಬೈ ಸುಮಾರು 680 ಕಿಲೋಮೀಟರ್, ದೆಹಲಿ 850, ಚೆನ್ನೈ 900, ಕೋಲ್ಕತ್ತ 980. ಗಂಟೆಗೆ 270 ಕಿಲೋಮೀಟರ್ ಆಸುಪಾಸಿನಲ್ಲಿ ಹಾರುವ ಡಕೋಟಾಗೆ ಎರಡೂವರೆಯಿಂದ ಮೂರೂಮುಕ್ಕಾಲು ಗಂಟೆಯ ದಾರಿ. ಹೋಗಿ, ಚೀಲ ಬದಲಿಸಿ, ವಾಪಸು ಬರಲು ಒಂದು ರಾತ್ರಿ ಸರಿಯಾಗಿ ಸಾಲುತ್ತದೆ. ಊರಿನ ನಡುವೆ ಜೀರೋ ಮೈಲ್ ಕಲ್ಲಿದೆ, ಭಾರತದ ನಟ್ಟನಡು ಬಿಂದು ಇದೇ ಎಂದು ಪ್ರವಾಸಿಗರಿಗೆ ತೋರಿಸುತ್ತಾರೆ. ಅದು ಬ್ರಿಟಿಷರ ಕಾಲದ ಸರ್ವೆಯವರ ಕಲ್ಲು. ನಟ್ಟನಡು ಎನ್ನುವುದು ಆಮೇಲೆ ಅಂಟಿಕೊಂಡ ಮಾತು. ವಿಮಾನದ ಲೆಕ್ಕಕ್ಕಂತೂ ನಾಗಪುರ ನಿಜವಾಗಿಯೂ ನಡುವೆಯೇ ಇತ್ತು. ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ಸೋನೆಗಾಂವ್‌ನಲ್ಲಿ ಸೈನ್ಯಕ್ಕೆಂದು ವಿಮಾನದ ಮೈದಾನ ಆಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ವಿಮಾನಗಳು ದೂರದ ಪ್ರಯಾಣದ ನಡುವೆ ಅಲ್ಲಿಳಿದು ಮುಂದಕ್ಕೆ ಹೋಗುತ್ತಿದ್ದವು. ಅಂದರೆ ಬರುವವರನ್ನು ಇಳಿಸಿಕೊಂಡು ಕಳಿಸುವ ಅಭ್ಯಾಸ ಆ ನೆಲಕ್ಕೆ ಮೊದಲೇ ಇತ್ತು.

ಕನ್ನಡದವರಿಗೆ ಇದನ್ನು ಅರ್ಥ ಮಾಡಿಕೊಳ್ಳಲು ವಿಮಾನಶಾಸ್ತ್ರ ಬೇಕಿಲ್ಲ. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರು ಮೈಸೂರಿನಲ್ಲಿ ಅಂಚೆ ವ್ಯವಸ್ಥೆ ಕಟ್ಟಿದ್ದರು. ಓಟದ ಅಂಚೆ ಎಂದರೆ ಒಬ್ಬನೇ ಓಡುವುದಲ್ಲ, ಒಬ್ಬ ಓಡಿ ಬಂದು ಗೊತ್ತಾದ ಜಾಗದಲ್ಲಿ ಇನ್ನೊಬ್ಬನ ಕೈಗೆ ಚೀಲ ಕೊಡುವುದು. ಅಲ್ಲಿ ಇನ್ನೊಬ್ಬ ಎದ್ದು ಕಾದಿರದಿದ್ದರೆ ಓಡಿದವನ ಓಟ ದಂಡ. ನಾಗಪುರ ಅಂಥದ್ದೊಂದು ಕೈ ಬದಲಿಸುವ ಕಟ್ಟೆ, ಎರಡರ ಬದಲು ನಾಲ್ಕು ದಾರಿ ಕೂಡುವ ಜಾಗದಲ್ಲಿತ್ತು ಅಷ್ಟೆ.

ಯೋಜನೆ ಸಂಪರ್ಕ ಸಚಿವ ರಫಿ ಅಹ್ಮದ್ ಕಿದ್ವಾಯಿ ಅವರದ್ದು. ಕಾಗದ ಬೇಗ ಮುಟ್ಟಬೇಕು, ಅದಕ್ಕೆ ಬಡವನಿಂದ ಹೆಚ್ಚು ಕಾಸು ಕೇಳಬಾರದು ಎನ್ನುವುದು ಅದರ ತಿರುಳು. 1949ರ ಏಪ್ರಿಲ್ 1ರಿಂದ ವಿಮಾನದಲ್ಲಿ ಹೋಗುವ ದೇಶದೊಳಗಿನ ಕಾಗದಕ್ಕೆ ಪ್ರತ್ಯೇಕ ಹೆಚ್ಚುವರಿ ದರವನ್ನೇ ತೆಗೆದುಹಾಕಿದರು. ಹೊಸದಾಗಿ ಸ್ವತಂತ್ರವಾದ, ರೈಲನ್ನೇ ನಂಬಿದ್ದ ದೇಶದಲ್ಲಿ ಇದು ಸಣ್ಣ ಮಾತಲ್ಲ. ಹಾಗೆಂದು ಎಲ್ಲ ಊರಿಗೂ ಸಮನಾಗಿ ದಕ್ಕಿತು ಎನ್ನುವಂತಿಲ್ಲ. ಆ ನಾಲ್ಕು ಗೆರೆಗಳಲ್ಲಿ ಬೆಂಗಳೂರು ಇರಲಿಲ್ಲ. ಬೆಂಗಳೂರಿನ ಕಾಗದ ರಾತ್ರಿ ಅಂಚೆ ಹಿಡಿಯಬೇಕಾದರೆ ಮೊದಲು ಮದ್ರಾಸನ್ನೋ ಬೊಂಬಾಯಿಯನ್ನೋ ಮುಟ್ಟಬೇಕಿತ್ತು.

ಯೋಜನೆಯನ್ನು ಬಹಿರಂಗವಾಗಿಯೇ ವಿರೋಧಿಸಿದವರು ಜೆ.ಆರ್.ಡಿ. ಟಾಟಾ. 1932ರಲ್ಲಿ ಕರಾಚಿಯಿಂದ ಬೊಂಬಾಯಿಗೆ ಅಂಚೆ ವಿಮಾನವನ್ನು ಸ್ವತಃ ಹಾರಿಸಿಕೊಂಡು ಬಂದ ಮನುಷ್ಯ. ಅಂಚೆಯ ಮೇಲೆ ಅವರಿಗೆ ದ್ವೇಷವಿರಲು ಕಾರಣವಿಲ್ಲ. ಅವರ ತಕರಾರು ನೆಲದ ಬಗ್ಗೆ. ರಾತ್ರಿ ಹಾರಾಟಕ್ಕೆ ಬೇಕಾದ ದೀಪ, ದಿಕ್ಕು ತೋರಿಸುವ ರೇಡಿಯೊ ಸಾಧನ, ದಾರಿಯಲ್ಲಿ ಏನಾದರೂ ಆದರೆ ಇಳಿಯಲು ತಕ್ಕ ನಿಲ್ದಾಣ ಇವೆಲ್ಲ ಮೊದಲು ಆಗಲಿ, ಆಮೇಲೆ ವಿಮಾನ ಬರಲಿ ಎನ್ನುವುದು ಅವರ ವಾದ. ಇದರಲ್ಲಿ ವ್ಯಾಪಾರದ ಲೆಕ್ಕವೂ ಬೆರೆತಿತ್ತು ಅನ್ನಿ. ಇದ್ದ ಕಂಪನಿಗಳಿಗೇ ಹೊಟ್ಟೆ ತುಂಬುವಷ್ಟು ಕೆಲಸವಿಲ್ಲದಾಗ ಸರ್ಕಾರ ಇನ್ನಷ್ಟು ಹೊಸಬರನ್ನು ಕಣಕ್ಕಿಳಿಸುವುದು ಅವರಿಗೆ ಒಪ್ಪಿಗೆ ಇರಲಿಲ್ಲ. ಕಿದ್ವಾಯಿ ಕಾಯುವ ಪೈಕಿ ಅಲ್ಲ. ಹಳಬರು ಹಿಂಜರಿದರೆ ಹೊಸಬರು ಇದ್ದಾರೆ ಎಂದರು. 1949ರ ಜನವರಿ 30ರಂದು ಇಂಡಿಯನ್ ಓವರ್‌ಸೀಸ್ ಏರ್‌ಲೈನ್ಸ್ ಎಂಬ ಕಂಪನಿ ರಾತ್ರಿ ಅಂಚೆಯನ್ನು ಶುರು ಮಾಡಿತು. ಕೆಲವು ತಿಂಗಳಲ್ಲೇ ಅದರ ಉಸಿರು ನಿಂತಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಹಿಮಾಲಯನ್ ಏವಿಯೇಷನ್ ಎಂಬ ಇನ್ನೊಂದು ಕಂಪನಿ ಗುತ್ತಿಗೆ ಹಿಡಿದು ಮತ್ತೆ ಆರಂಭಿಸಿತು.

ಹೀಗೆ ನೋಡಿದರೆ ಭಾರತದ ರಾತ್ರಿ ಅಂಚೆ ಹುಟ್ಟಿದ್ದೇ ಒಂದು ಬಗೆಯ ಬಾಡಿಗೆ ಹಾರಾಟವಾಗಿ. ವಿಮಾನ ಯಾರದ್ದೋ, ಸರಕು ಸರ್ಕಾರದ್ದು, ಹೊತ್ತು ಕರಾರಿನಲ್ಲಿ ಬರೆದದ್ದು. ಆ ದಿನಗಳಲ್ಲಿ ಇಂಥ ಕಂಪನಿ ಕಟ್ಟುವುದು ಕಷ್ಟವೂ ಆಗಿರಲಿಲ್ಲ. ಯುದ್ಧ ಮುಗಿದು ಅಮೆರಿಕದ ಸೈನ್ಯ ಬಿಟ್ಟುಹೋದ ಡಕೋಟಾಗಳು ಅಗ್ಗಕ್ಕೆ ಸಿಗುತ್ತಿದ್ದವು. ಅಂಥವನ್ನು ನಾಗರಿಕ ಬಳಕೆಗೆ ಒಗ್ಗಿಸುವ ಕೆಲಸ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ನಡೆಯುತ್ತಿತ್ತು. ವಿಮಾನ ಸುಲಭವಾಗಿ ಸಿಕ್ಕಿತು. ನೆಲ ಅಷ್ಟು ಸುಲಭವಾಗಿ ತಯಾರಾಗಲಿಲ್ಲ.

ನೆಲದ ಮೇಲೆ ನಿಂತಿರುವ ಡಕೋಟಾ ಮೂಗು ಮೇಲೆತ್ತಿ ಬಾಲ ನೆಲಕ್ಕೂರಿ ಕೂತಿರುತ್ತದೆ, ಏಕೆಂದರೆ ಅದರ ಮೂರನೆಯ ಚಕ್ರ ಬಾಲದಲ್ಲಿದೆ. ಬಾಗಿಲು ಹಿಂಭಾಗದ ಎಡಕ್ಕೆ. ಆದ್ದರಿಂದ ಒಳಗೆ ಹೋದ ಪ್ರತಿ ಚೀಲವನ್ನೂ ಏರುನೆಲದ ಮೇಲೆ ಹೊತ್ತು ಮುಂದಕ್ಕೆ ಸಾಗಿಸಬೇಕು. ಬಾಗಿಲ ಬಳಿಯೇ ರಾಶಿ ಹಾಕಿದರೆ ಬಾಲ ಭಾರವಾಗಿ ವಿಮಾನ ಏರುವಾಗ ಮಾತು ಕೇಳುವುದಿಲ್ಲ. ಯಾವ ಚೀಲ ಎಲ್ಲಿ, ಎಷ್ಟು ತೂಕ, ಪ್ರಯಾಣಿಕ ಎಲ್ಲಿ ಕೂತ ಎಂಬುದನ್ನು ಲೆಕ್ಕ ಹಾಕಿ ಕಾಗದದ ಮೇಲೆ ಬರೆದು ಪೈಲಟ್‌ಗೆ ಕೊಡಬೇಕು. ಇಂಧನ ತುಂಬಿಸಿದ ಮೇಲೆ ಟ್ಯಾಂಕಿನ ತಳದಿಂದ ಸ್ವಲ್ಪ ಇಳಿಸಿ ನೀರು ಬೆರೆತಿಲ್ಲ ಎಂದು ಬೆಳಕಿಗೆ ಹಿಡಿದು ನೋಡಬೇಕು. ಹೊತ್ತು ಕಳೆದು ತಣ್ಣಗಾದ ಎಂಜಿನ್ನಿನ ಕೆಳಗಿನ ಸಿಲಿಂಡರುಗಳಲ್ಲಿ ಎಣ್ಣೆ ಇಳಿದು ಕೂತಿರುತ್ತದೆ. ಚಾಲೂ ಮಾಡುವ ಮೊದಲು ರೆಕ್ಕೆಪಂಖವನ್ನು ಕೈಯಿಂದ ಕೆಲವು ಸುತ್ತು ತಿರುಗಿಸದಿದ್ದರೆ ಎಂಜಿನ್ನೇ ಮುರಿದೀತು. ಗಾಳಿಗೆ ಅಲುಗದಂತೆ ರೆಕ್ಕೆ, ಬಾಲಗಳ ಚಲಿಸುವ ಭಾಗಕ್ಕೆ ಹಾಕಿದ ಬಿಗಿಗಳನ್ನೂ ಚಕ್ರದ ಕಾಲಿಗೆ ಸಿಕ್ಕಿಸಿದ ಪಿನ್ನುಗಳನ್ನೂ ಹೊರಡುವ ಮೊದಲು ಒಂದೂ ಬಿಡದೆ ತೆಗೆಯಬೇಕು. ತೆಗೆದದ್ದನ್ನು ಪೈಲಟ್‌ಗೆ ಎತ್ತಿ ತೋರಿಸುವುದು ಈ ಕಸುಬಿನ ಹಳೆಯ ರೂಢಿ. ಎಂಜಿನ್ ಹೊತ್ತಿಕೊಳ್ಳುವ ಹೊತ್ತಿಗೆ ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಬ್ಬ ನಿಂತಿರಬೇಕು. ಇಷ್ಟನ್ನೂ ನಾಲ್ಕು ವಿಮಾನಗಳಿಗೆ ಒಟ್ಟೊಟ್ಟಿಗೆ, ರಾತ್ರಿ ಒಂದೆರಡು ಗಂಟೆಗೆ, ಡಿಸೆಂಬರಿನ ವಿದರ್ಭದ ಚಳಿಯಲ್ಲೋ ಜುಲೈಯ ಮಳೆಯಲ್ಲೋ ಮಾಡಬೇಕಿತ್ತು.

ಚೀಲದ ಲೆಕ್ಕವೇನೂ ಇದಕ್ಕಿಂತ ಸುಲಭವಲ್ಲ. ನಾಲ್ಕು ವಿಮಾನ, ಪ್ರತಿಯೊಂದರಲ್ಲೂ ಉಳಿದ ಮೂರು ಊರಿನ ಪಾಲು; ಒಟ್ಟು ಹನ್ನೆರಡು ಗುಂಪು. ಕಲ್ಕತ್ತೆಗೆ ಹೋಗಬೇಕಾದ ಚೀಲ ಬೊಂಬಾಯಿಯ ವಿಮಾನ ಹತ್ತಿದರೆ ಅದು ಮತ್ತೆ ನಾಗಪುರ ನೋಡುವುದು ಮಾರನೆಯ ರಾತ್ರಿಯೇ. ಇನ್ನೂ ದೊಡ್ಡ ತಲೆನೋವು ತಡ. ಒಂದು ವಿಮಾನ ಹವಾಮಾನ ಕೆಟ್ಟು ಒಂದು ಗಂಟೆ ತಡವಾದರೆ ಉಳಿದ ಮೂರು ಕಾಯಬೇಕೇ, ಅಥವಾ ಆ ಊರಿನ ಕಾಗದವನ್ನು ಬಿಟ್ಟು ಹೊರಡಬೇಕೇ? ಕಾದರೆ ಮೂರು ಊರಿನ ಬೆಳಗಿನ ಬಟವಾಡೆ ಹಾಳು, ಹೊರಟರೆ ಒಂದು ಊರಿನದ್ದು. ಈ ಪ್ರಶ್ನೆಗೆ ಪುಸ್ತಕದ ಉತ್ತರವಿಲ್ಲ. ಗಡಿಯಾರ ನೋಡಿ ಆ ಹೊತ್ತಿಗೆ ಅಲ್ಲಿದ್ದವರೇ ತೀರ್ಮಾನಿಸಬೇಕು.

1953 ನಾಗಪುರಕ್ಕೆ ತುಂಬಿದ ವರ್ಷ. ಪ್ರಯಾಣಿಕರ ಓಡಾಟ ಹೆಚ್ಚಿದ್ದರಿಂದ ಸೋನೆಗಾಂವ್‌ನಲ್ಲಿ ಹೊಸ ಟರ್ಮಿನಲ್ ಕಟ್ಟಿದರು. ಅದರಲ್ಲಿ ತಂಗುವ ಕೋಣೆಗಳು, ತಿಂಡಿ ವ್ಯವಸ್ಥೆ, ಪುಸ್ತಕದಂಗಡಿ, ವಿಮಾನ ನೋಡಲು ಬರುವವರಿಗೊಂದು ಗ್ಯಾಲರಿ ಇದ್ದವು. ಒಂದು ವಿಮಾನದಿಂದಿಳಿದು ಇನ್ನೊಂದಕ್ಕಾಗಿ ಕಾಯುವವರಿಗೆ ಕೂರಲು ಜಾಗ ಬೇಕಿತ್ತು. ರಾತ್ರಿ ಅಂಚೆಯಲ್ಲಿ ಹಗಲಿಗಿಂತ ಕಡಿಮೆ ದರಕ್ಕೆ ಪ್ರಯಾಣ ಸಿಗುತ್ತಿದ್ದರಿಂದ ನಿದ್ದೆಗೆಟ್ಟರೂ ಸರಿ ಎಂದು ಹತ್ತುವವರು ಇದ್ದರು. ಆಗಸ್ಟ್ 1ರಂದು ದೇಶದ ಎಂಟು ಖಾಸಗಿ ಕಂಪನಿಗಳು ಸೇರಿ ಇಂಡಿಯನ್ ಏರ್‌ಲೈನ್ಸ್ ಆಯಿತು, ಹಿಮಾಲಯನ್ ಏವಿಯೇಷನ್ ಕೂಡ ಅದರೊಳಗೆ ಕರಗಿತು. ರಾತ್ರಿ ಅಂಚೆ ಸರ್ಕಾರದ ಕೈಗೆ ಬಂತು.

ಡಿಸೆಂಬರ್ 12ರ ನಸುಕಿನಲ್ಲಿ ಚೀಲ ಬದಲಿಸಿಕೊಂಡು ಮದ್ರಾಸಿನತ್ತ ಹೊರಟ ಡಕೋಟಾ ನಾಗಪುರದಿಂದ ಮೇಲೆದ್ದ ಸ್ವಲ್ಪ ಹೊತ್ತಿಗೇ ಒಂದು ಎಂಜಿನ್ನಿನ ಶಕ್ತಿ ಕಳೆದುಕೊಂಡಿತು. ಇಳಿಸಲು ನೋಡಿದಾಗ ನೆಲಕ್ಕಪ್ಪಳಿಸಿ ಹೊತ್ತಿ ಉರಿಯಿತು. ಅದರಲ್ಲಿದ್ದ 14 ಜನರಲ್ಲಿ 13 ಮಂದಿ ಸತ್ತರು. ಉಳಿದವರು ಪೈಲಟ್ ಒಬ್ಬರೇ.

ಕಿದ್ವಾಯಿ ಮತ್ತು ಟಾಟಾ ಇಬ್ಬರಲ್ಲಿ ಯಾರು ಸರಿ ಎಂದು ಈ ಒಂದು ಬೆಂಕಿಯ ಬೆಳಕಿನಲ್ಲಿ ತೀರ್ಪು ಕೊಡುವುದು ಆತುರವಾದೀತು. ಆ ಕಾಲದಲ್ಲಿ ಡಕೋಟಾಗಳು ಹಗಲಿನಲ್ಲೂ ಬೀಳುತ್ತಿದ್ದವು. ಕಿದ್ವಾಯಿ ಕಾದಿದ್ದರೆ ರಾತ್ರಿ ಅಂಚೆ ಹತ್ತು ವರ್ಷ ತಡವಾಗುತ್ತಿತ್ತೇನೋ. ದೀಪ, ರೇಡಿಯೊಗಳಿಗೆ ಹಣ ಬರುವುದೇ ವಿಮಾನ ಹಾರಲು ಶುರುವಾದ ಮೇಲೆ ಎಂಬುದೂ ನಮ್ಮ ದೇಶದ ಸತ್ಯ. ಆದರೆ ಟಾಟಾ ಎತ್ತಿದ ಪ್ರಶ್ನೆ ಮಾತ್ರ ಹಳತಾಗಿಲ್ಲ. ವಿಮಾನ ಕೊಳ್ಳಲು ಸಿಗುವ ಹಣ ಮತ್ತು ಗೌರವ ನೆಲದ ಕೆಲಸಕ್ಕೆ ಆಗಲೂ ಸಿಗಲಿಲ್ಲ, ಈಗಲೂ ಸಿಗುವುದಿಲ್ಲ.

ಅಪಘಾತದ ನಂತರವೂ ರಾತ್ರಿ ಅಂಚೆ ನಿಲ್ಲಲಿಲ್ಲ. ಡಕೋಟಾಗಳ ಜಾಗಕ್ಕೆ ನಾಲ್ಕು ಎಂಜಿನ್ನಿನ ಸ್ಕೈಮಾಸ್ಟರ್‌ಗಳು ಬಂದವು. ಇನ್ನಿಪ್ಪತ್ತು ವರ್ಷ ಅದೇ ಕ್ರಮ ನಡೆಯಿತು. ಅಷ್ಟರಲ್ಲಿ ಹಗಲಿನ ಆಕಾಶ ಬದಲಾಗಿತ್ತು. ಕ್ಯಾರವೆಲ್, ಬೋಯಿಂಗ್ 737ನಂಥ ಜೆಟ್‌ಗಳು ಒಂದು ಮಹಾನಗರದಿಂದ ಇನ್ನೊಂದಕ್ಕೆ ನೇರವಾಗಿ ಎರಡು ಗಂಟೆಯಲ್ಲಿ ಹೋಗುವಾಗ ನಡುವೆ ಇಳಿದು ಚೀಲ ಬದಲಿಸುವ ಅಗತ್ಯ ಉಳಿಯಲಿಲ್ಲ. 1973ರ ಅಕ್ಟೋಬರ್‌ನಲ್ಲಿ ರಾತ್ರಿ ಅಂಚೆ ಮುಗಿಯಿತು. ಅರಬ್ ದೇಶಗಳು ತೈಲಕ್ಕೆ ತಡೆ ಹಾಕಿ ಜಗತ್ತಿನಲ್ಲೆಲ್ಲ ಇಂಧನ ತುಟ್ಟಿಯಾದದ್ದೂ ಅದೇ ತಿಂಗಳಿಂದ.

ಇಲ್ಲೊಂದು ತಮಾಷೆಯಿದೆ. ಅದೇ 1973ರ ಏಪ್ರಿಲ್ 17ರ ರಾತ್ರಿ ಅಮೆರಿಕದ ಮೆಂಫಿಸ್‌ನಲ್ಲಿ ಫೆಡರಲ್ ಎಕ್ಸ್‌ಪ್ರೆಸ್ ಎಂಬ ಹೊಸ ಕಂಪನಿ 14 ಸಣ್ಣ ಜೆಟ್‌ಗಳಲ್ಲಿ 25 ಊರುಗಳಿಗೆ 186 ಪೊಟ್ಟಣ ಸಾಗಿಸಿತು. ಎಲ್ಲ ಕಡೆಯಿಂದ ವಿಮಾನಗಳು ನಡುರಾತ್ರಿ ಒಂದು ನಡು ಊರಿಗೆ ಬರುವುದು, ಪೊಟ್ಟಣ ವಿಂಗಡಿಸಿ ಬದಲಿಸಿಕೊಂಡು ಬೆಳಗಾಗುವ ಮೊದಲು ಹಿಂತಿರುಗುವುದು ಅದರ ಉಪಾಯ. ಇಡೀ ಜಗತ್ತಿನ ವ್ಯಾಪಾರವನ್ನೇ ಬದಲಿಸಿದ ಹೊಸ ಕಲ್ಪನೆ ಎಂದು ಮ್ಯಾನೇಜ್‌ಮೆಂಟ್ ಶಾಲೆಗಳಲ್ಲಿ ಇದನ್ನು ಹೇಳಿಕೊಡುತ್ತಾರೆ. ನಾಗಪುರದ ಹಮಾಲರು ಅದನ್ನು 24 ವರ್ಷದಿಂದ ಮಾಡುತ್ತಲೇ ಇದ್ದರು. ಮೆಂಫಿಸ್‌ನಲ್ಲಿ ಶುರುವಾದ ಆರು ತಿಂಗಳಿಗೆ ಇಲ್ಲಿ ಮುಚ್ಚಿದರು. ಫೆಡರಲ್ ಎಕ್ಸ್‌ಪ್ರೆಸ್‌ನವರು ನಾಗಪುರ ನೋಡಿ ಕಲಿತರು ಎಂದು ಇದರ ಅರ್ಥವಲ್ಲ. ನಮ್ಮಲ್ಲಿದ್ದದ್ದು ಸರ್ಕಾರಿ ಅಂಚೆಯ ಕೆಲಸ, ಅದಕ್ಕೊಂದು ಹೆಸರಿಟ್ಟು ಮಾರುವ ಯೋಚನೆ ಯಾರಿಗೂ ಬಂದಿರಲಿಲ್ಲ.

ಆ ಯೋಚನೆ ಬಂದದ್ದು ಹಾಸನ ಜಿಲ್ಲೆಯ ಗೊರೂರಿನ ಕಡೆಯವರಿಗೆ. ಸೈನ್ಯದಿಂದ ಬಂದು ಕೃಷಿ ಮಾಡಿ, ಆಮೇಲೆ ವಿಮಾನಕ್ಕಿಳಿದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಮೊದಲ ಉದ್ಯಮವೇ ಬಾಡಿಗೆ ಹಾರಾಟ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಕ್ಕೂರಿನಿಂದ ಡೆಕ್ಕನ್ ಏವಿಯೇಷನ್ ಹೆಲಿಕಾಪ್ಟರ್‌ಗಳು ಹಾರತೊಡಗಿದವು. 2003ರಲ್ಲಿ ಏರ್ ಡೆಕ್ಕನ್ ಬಂತು, ಆ ಕಥೆ ಎಲ್ಲರಿಗೂ ಗೊತ್ತು. ಅದು ಕೈಬಿಟ್ಟ ಮೇಲೆ 2009ರಲ್ಲಿ ಅವರು ಡೆಕ್ಕನ್ 360 ಎಂಬ ಸರಕು ವಿಮಾನ ಕಂಪನಿ ತೆರೆದು, ಅದರ ನಡುಮನೆಯಾಗಿ ನಾಗಪುರವನ್ನು ಆರಿಸಿದರು. ಏರ್‌ಬಸ್ ಎ310 ಸರಕು ವಿಮಾನಗಳು ಸೋನೆಗಾಂವ್‌ಗೆ ಬಂದವು. ಭೂಪಟ ಕಿದ್ವಾಯಿಗೆ ಹೇಳಿದ್ದನ್ನೇ 60 ವರ್ಷದ ನಂತರ ಗೋಪಿನಾಥರಿಗೂ ಹೇಳಿತ್ತು. ಆದರೆ ಈ ಸಲ ಪ್ರತಿ ರಾತ್ರಿಯ ಚೀಲ ತುಂಬಿಸಿಕೊಡುವ ಅಂಚೆ ಇಲಾಖೆ ಹಿಂದಿರಲಿಲ್ಲ. ಹಣದ ಮುಗ್ಗಟ್ಟಿನಲ್ಲಿ 2011ರಲ್ಲೇ ಅದು ನಿಂತುಹೋಯಿತು.

ನಾಗಪುರದಲ್ಲಿ ಉಳಿದದ್ದು ಬಿಡಿಬಿಡಿಯಾಗಿ ಬರುವ ವಿಮಾನಗಳ ಕೆಲಸ, ಮತ್ತು ರಿಪೇರಿ. ಏರ್ ಇಂಡಿಯಾಗಾಗಿ ಬೋಯಿಂಗ್ ಕಟ್ಟಿಸಿದ ದುರಸ್ತಿ ಕೇಂದ್ರ 2015ರಲ್ಲಿ ಅಲ್ಲಿ ತೆರೆಯಿತು. ಖಾಸಗಿ ಕಂಪನಿಗಳ ಹ್ಯಾಂಗರ್‌ಗಳೂ ಬಂದವು.

ವೇಳಾಪಟ್ಟಿಯ ವಿಮಾನಕ್ಕೂ ಚಾರ್ಟರ್‌ಗೂ ಇರುವ ವ್ಯತ್ಯಾಸ ಮನೆಯವರಿಗೂ ನೆಂಟರಿಗೂ ಇರುವಂಥದ್ದು. ದಿನವೂ ಬರುವ ವಿಮಾನಕ್ಕೆ ನಿಲ್ಲುವ ಜಾಗ, ಏಣಿ, ಜನ, ಇಂಧನದ ಖಾತೆ ಎಲ್ಲವೂ ಮೊದಲೇ ಗೊತ್ತು. ಚಾರ್ಟರ್ ಪ್ರತಿ ಸಲವೂ ಹೊಸದು. ಮಧ್ಯಾಹ್ನ ಫೋನ್ ಬರುತ್ತದೆ, ಸಂಜೆ ಇಳಿಯುತ್ತೇವೆ ಎಂದು. ಆಗ ಹ್ಯಾಂಡ್ಲಿಂಗ್ ಏಜೆಂಟನ ಗಡಿಯಾರ ಓಡಲು ಶುರು. ವಿಮಾನ ನಿಲ್ಲಿಸಲು ಜಾಗ ಖಾಲಿ ಇದೆಯೇ? ಇಂಧನ ಕಂಪನಿಗೆ ಹಣ ಮುಂಗಡವೋ ಸಾಲವೋ? ಹೊರಡುವ ಮೊದಲು ಪ್ರತಿ ಹಾರಾಟಕ್ಕೂ ವಾಯುಪಡೆಯ ಕಡೆಯಿಂದ ಎಡಿಸಿ ಸಂಖ್ಯೆ, ವಾಯು ಸಂಚಾರ ಕೇಂದ್ರದಿಂದ ಎಫ್‌ಐಸಿ ಸಂಖ್ಯೆ ಬರಬೇಕು. ವಿದೇಶಿ ವಿಮಾನವಾದರೆ ಡಿಜಿಸಿಎ ಕೊಡುವ ವೈಎ ಸಂಖ್ಯೆ, ಜೊತೆಗೆ ಸುಂಕದವರು, ವಲಸೆ ವಿಭಾಗದವರು. ಎಂಜಿನ್ ಆರಿಸಿದ ವಿಮಾನಕ್ಕೆ ವಿದ್ಯುತ್ ಕೊಡುವ ಗಾಡಿ, ಕುಡಿಯುವ ನೀರು, ಶೌಚ ಖಾಲಿ ಮಾಡುವ ಗಾಡಿ, ಊಟ. ಪೈಲಟ್‌ಗಳಿಗೆ ಹೋಟೆಲು, ಅಲ್ಲಿಗೆ ಹೋಗಿಬರಲು ಕಾರು. ಅವರ ಕೆಲಸದ ಗಂಟೆಗಳಿಗೆ ಕಾನೂನಿನ ಮಿತಿ ಇದೆ; ಸಾಹೇಬರು ಮದುವೆಮನೆಯಲ್ಲಿ ಎರಡು ಗಂಟೆ ಹೆಚ್ಚು ಕೂತರೆ ವಿಮಾನ ಆ ರಾತ್ರಿ ಅಲ್ಲೇ ಉಳಿಯಬೇಕಾದೀತು, ಆಗ ಜಾಗ, ಹೋಟೆಲು, ಅನುಮತಿ ಎಲ್ಲ ಮತ್ತೆ ಮೊದಲಿನಿಂದ. ಮೇ ತಿಂಗಳ ಮಧ್ಯಾಹ್ನ ನಾಗಪುರದ ಬಿಸಿ 45 ಡಿಗ್ರಿ ದಾಟಿದಾಗ ಗಾಳಿ ತೆಳುವಾಗಿ ರೆಕ್ಕೆಗೂ ಎಂಜಿನ್ನಿಗೂ ಬಲ ಕಡಿಮೆಯಾಗುತ್ತದೆ. 3,200 ಮೀಟರ್ ರನ್‌ವೇ ಇರುವುದರಿಂದ ಬಚಾವು, ಆದರೂ ಕೊನೆಯ ಗಳಿಗೆಯಲ್ಲಿ ಹತ್ತಿಸಿದ ಎರಡು ಸೂಟ್‌ಕೇಸ್ ಲೆಕ್ಕದಲ್ಲಿ ಬರಲೇಬೇಕು. ಡಕೋಟಾದ ಚೀಲಗಳ ಕಾಲದ ಅದೇ ಲೆಕ್ಕ.

ನಾಗಪುರದ ಈ ಜನಕ್ಕೆ ಡಿಸೆಂಬರ್ ಸುಗ್ಗಿ. ಅದಕ್ಕೂ 1953ರ ಬೇರಿದೆ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಆದ ನಾಗಪುರ ಒಪ್ಪಂದದ ಫಲವಾಗಿ ಮಹಾರಾಷ್ಟ್ರ ವಿಧಾನಮಂಡಲದ ಚಳಿಗಾಲದ ಅಧಿವೇಶನ ಅಲ್ಲಿ ನಡೆಯುತ್ತದೆ. ನಮ್ಮ ಬೆಳಗಾವಿ ಅಧಿವೇಶನ ಕಂಡವರಿಗೆ ಆ ಗಲಾಟೆ ಹೇಗಿರುತ್ತದೆ ಎಂದು ವಿವರಿಸಬೇಕಿಲ್ಲ. ಬೆಳಗಾವಿಗೆ ಕಾರಿನಲ್ಲಿ ಬರುವವರೇ ಹೆಚ್ಚು. ಮುಂಬೈಯಿಂದ ನಾಗಪುರಕ್ಕೆ ರಸ್ತೆ ದೂರ.

ಈ ಕಸುಬಿನ ನಿಯಮಗಳ ಚರಿತ್ರೆ ಅಷ್ಟು ರೋಚಕವಲ್ಲ, ಬೇಗ ಮುಗಿಸಬಹುದು. ಇಂಡಿಯನ್ ಏರ್‌ಲೈನ್ಸ್, ಏರ್ ಇಂಡಿಯಾಗಳ ಏಕಸ್ವಾಮ್ಯ 1994ರಲ್ಲಿ ಕಾನೂನಿನಿಂದಲೇ ಕೊನೆಯಾಯಿತು. ಖಾಸಗಿ ವಿಮಾನಗಳು ಹೆಚ್ಚಿದಂತೆ ಅವನ್ನು ನೋಡಿಕೊಳ್ಳುವ ಸಣ್ಣ ಸಣ್ಣ ಏಜೆನ್ಸಿಗಳೂ ಹುಟ್ಟಿದವು. ಯಾರು ಬೇಕಾದರೂ ವಿಮಾನದ ಬಳಿ ಹೋಗುವಂತಾದರೆ ಭದ್ರತೆಯ ಗತಿ ಏನು ಎಂದು ಕೇಳಿದ ಸರ್ಕಾರ 2007ರಲ್ಲಿ ಇದಕ್ಕೆಂದೇ ನಿಯಮಾವಳಿ ತಂದಿತು. ದೊಡ್ಡ ನಿಲ್ದಾಣಗಳಲ್ಲಿ ಬೆರಳೆಣಿಕೆಯ ಏಜೆನ್ಸಿಗಳಿಗಷ್ಟೇ ಅವಕಾಶ ಎಂದಿತು. ವಿಮಾನ ಕಂಪನಿಗಳು ಕೋರ್ಟಿಗೆ ಹೋದವು. ಬಹುಪಾಲು ಭಾರತೀಯರು ಗ್ರೌಂಡ್ ಹ್ಯಾಂಡ್ಲಿಂಗ್ ಎಂಬ ಮಾತನ್ನೇ ಮೊದಲ ಬಾರಿ ಕೇಳಿದ್ದು 2025ರ ಮೇ ತಿಂಗಳಲ್ಲಿ ಇರಬೇಕು. ಪಾಕಿಸ್ತಾನದೊಂದಿಗಿನ ಸಂಘರ್ಷದ ಬೆನ್ನಿಗೇ ಟರ್ಕಿ ಮೂಲದ ಸೆಲೆಬಿ ಕಂಪನಿಯ ಭದ್ರತಾ ಅನುಮತಿಯನ್ನು ಕೇಂದ್ರ ರದ್ದು ಮಾಡಿತು. ಬೆಂಗಳೂರು ಸೇರಿ ಒಂಬತ್ತು ನಿಲ್ದಾಣಗಳಲ್ಲಿ ನೆಲದ ಕೆಲಸ ಆ ಕಂಪನಿಯದ್ದೇ ಎಂದು ಅಂದು ಪತ್ರಿಕೆ ಓದಿದವರಿಗೆ ಗೊತ್ತಾಯಿತು.

ನಾಗಪುರಕ್ಕೆ ಮಾತ್ರ ಹೇಳದೆ ಬರುವವರು ಹೆಚ್ಚು. ದೇಶದ ನಡು ಆಕಾಶದಲ್ಲಿ ದಿನವಿಡೀ ವಿಮಾನಗಳು ಹಾದುಹೋಗುತ್ತಿರುತ್ತವೆ. ಯಾರಿಗಾದರೂ ಎದೆನೋವು ಬಂದರೆ ಕೆಳಗೆ ಕಾಣುವ ದೊಡ್ಡ ರನ್‌ವೇ ಸೋನೆಗಾಂವ್‌ನದ್ದೇ. 2021ರ ಆಗಸ್ಟ್ 27ರಂದು ಮಸ್ಕತ್‌ನಿಂದ ಢಾಕಾಗೆ ಹೊರಟಿದ್ದ ಬಾಂಗ್ಲಾದೇಶದ ಬಿಮಾನ್ ಕಂಪನಿಯ ವಿಮಾನದಲ್ಲಿ ಹೃದಯಾಘಾತವಾದದ್ದು ಕ್ಯಾಪ್ಟನ್‌ಗೇ. ರಾಯಪುರದ ಆಸುಪಾಸಿನಲ್ಲಿದ್ದ ಸಹ ಪೈಲಟ್ ಕೋಲ್ಕತ್ತದ ನಿಯಂತ್ರಕರಿಗೆ ತಿಳಿಸಿದರು. ಅವರು ನಾಗಪುರ ತೋರಿಸಿದರು. ವಿಮಾನ ಕ್ಷೇಮವಾಗಿ ಇಳಿಯಿತು. ರನ್‌ವೇಯಿಂದ ಆಸ್ಪತ್ರೆಗೆ ಕ್ಯಾಪ್ಟನ್‌ರನ್ನು ಒಯ್ದರು. ನೂರಕ್ಕೂ ಹೆಚ್ಚು ಪ್ರಯಾಣಿಕರನ್ನು, ಇಳಿಯಬೇಕೆಂದೇ ಇರದಿದ್ದ ಊರಿನಲ್ಲಿ, ಬದಲಿ ಸಿಬ್ಬಂದಿ ಬರುವವರೆಗೆ ನೋಡಿಕೊಂಡು ಅದೇ ವಿಮಾನದಲ್ಲಿ ಕಳಿಸಿದರು. ಕ್ಯಾಪ್ಟನ್ ಮೂರು ದಿನದ ನಂತರ ನಾಗಪುರದ ಆಸ್ಪತ್ರೆಯಲ್ಲೇ ತೀರಿಕೊಂಡರು.

ಅದೇ ವರ್ಷದ ಮೇ 6. ಕೋವಿಡ್‌ನ ಎರಡನೆಯ ಅಲೆ ಏರಿದ್ದ ದಿನಗಳು, ಏರ್ ಆಂಬುಲೆನ್ಸ್‌ಗಳಿಗೆ ಬಿಡುವಿರಲಿಲ್ಲ. ಅಂಥ ವಿಮಾನ ಬಂದಾಗ ಆಂಬುಲೆನ್ಸನ್ನು ನೇರ ರೆಕ್ಕೆಯ ಪಕ್ಕಕ್ಕೆ ತರಿಸಬೇಕು, ಅದಕ್ಕೆ ಪಾಸು ಬೇಕು, ದಾರಿ ತೋರಿಸುವ ಜೀಪು ಬೇಕು. ಕಿರಿದಾದ ಬಾಗಿಲಲ್ಲಿ ಆಮ್ಲಜನಕದ ಕೊಳವೆ ಕಳಚದಂತೆ ಸ್ಟ್ರೆಚರನ್ನು ಓರೆ ಮಾಡಿ ಒಳಗೆ ಸೇರಿಸಬೇಕು. ಅಂದು ರೋಗಿಯೂ ವೈದ್ಯರೂ ಸೇರಿ ಐದು ಜನರಿದ್ದ ಎರಡು ಎಂಜಿನ್ನಿನ ಪುಟ್ಟ ಬೀಚ್‌ಕ್ರಾಫ್ಟ್ ನಾಗಪುರದ ರನ್‌ವೇ ಮೇಲೆ ಓಡಿ ಎದ್ದಿತು. ಏಳುವಾಗ ಒಂದು ಚಕ್ರ ಕಳಚಿ ಬಿತ್ತು. ಒಳಗಿನವರಿಗೆ ಅದು ಕಾಣುವಂತಿರಲಿಲ್ಲ. ಕಾವಲಿಗಿದ್ದ ಕೈಗಾರಿಕಾ ಭದ್ರತಾ ಪಡೆಯ ಒಬ್ಬ ಕಾನ್‌ಸ್ಟೇಬಲ್ ವಿಮಾನವನ್ನೇ ನೋಡುತ್ತಿದ್ದ. ಬಿದ್ದದ್ದೇನೆಂದು ಗುರುತಿಸಿ ಸುದ್ದಿ ಮುಟ್ಟಿಸಿದ. ಪೈಲಟ್ ವಿಮಾನವನ್ನು ಮುಂಬೈಗೆ ಒಯ್ದರು. ಅಲ್ಲಿನವರು ರನ್‌ವೇ ಮೇಲೆ ನೊರೆ ಹಾಸಿ ಅಗ್ನಿಶಾಮಕ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ ಕಾದರು. ಉಳಿದ ಚಕ್ರಗಳನ್ನು ಕೆಳಗಿಳಿಸದೆ ವಿಮಾನ ಹೊಟ್ಟೆಯ ಮೇಲೆ ಜಾರುತ್ತ ಬಂದು ನಿಂತಿತು. ಐವರೂ ಬದುಕಿದರು, ರೋಗಿಯನ್ನು ಆಸ್ಪತ್ರೆಗೆ ಸೇರಿಸಿದರು. ಚಕ್ರ ನಾಗಪುರದಲ್ಲೇ ಉಳಿದಿತ್ತು.